ಮೇಜು ಬಡಿದ ಸದ್ದನ್ನು ನಂಬಿ

ಇದನ್ನು ಬರೆಯಲು ನಾನು ಕೂತದ್ದು ಇದೇ ಮೊದಲಲ್ಲ. ನಿವೃತ್ತನಾದ ವರ್ಷ ಕೂತಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಮತ್ತೊಮ್ಮೆ ಕೂತಿದ್ದೆ. ಪ್ರತಿ ಸಲವೂ ಬೇರೆ ಏನನ್ನೋ ಬರೆದು ಎದ್ದುಬಿಟ್ಟೆ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ನಾನು ಕೆಲಸ ಮಾಡಿದ ಕಟ್ಟಡದ ಕಲ್ಲಿನ ಮೆಟ್ಟಿಲುಗಳ ಬಗ್ಗೆ, ಬಣ್ಣದ ಗಾಜಿನ ಕಿಟಕಿಗಳ ಬಗ್ಗೆ ಬರೆದದ್ದು ನಾನೇ. ಓದಿದವರು ಚೆನ್ನಾಗಿದೆ ಎಂದರು. ಆ ಕಿಟಕಿಗಳ ಕೆಳಗೆ ನಿಂತು ಕೇಳಿದ ಒಂದು ಮಾತನ್ನು ಹೊತ್ತುಕೊಂಡು ಹೋಗಿ ನಾನು ಒಂದು ಸಂಸಾರವನ್ನು ಬೀದಿಗೆ ಹಾಕಿದೆ ಎಂಬುದನ್ನು ಅದರಲ್ಲಿ ಬರೆಯಲಿಲ್ಲ. ಈಗ ಕೈ ನಡುಗುತ್ತದೆ. ಇನ್ನು ತಡ ಮಾಡಿದರೆ ಅಕ್ಷರ ಮೂಡುವುದಿಲ್ಲ.

ನಾನು ಕಾರ್ಪೊರೇಷನ್ನಿನ ಸಭಾಗೃಹದಲ್ಲಿ ಪಟ್ಟೇವಾಲಾ ಆಗಿದ್ದೆ. ಬಿಳಿ ಅಂಗಿ, ಭುಜದಿಂದ ಸೊಂಟಕ್ಕೆ ಇಳಿಯುವ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಕಾರ್ಪೊರೇಷನ್ನಿನ ಮುದ್ರೆ ಇರುವ ಹಿತ್ತಾಳೆ ಬಿಲ್ಲೆ. ಸಭೆ ಸೇರುವ ಮುಂಚೆ ಗಂಟೆ ಬಾರಿಸುವುದು, ಸದಸ್ಯರಿಗೆ ನೀರು ಇಡುವುದು, ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಕೆಲಸ. ಆ ಸಭೆಯನ್ನು ಎಲ್ಲರೂ ಹೌಸ್ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿ ಸ್ವಲ್ಪ ದಿನಕ್ಕೇ ನಾನು 'ನಮ್ಮ ಹೌಸ್' ಎನ್ನತೊಡಗಿದೆ.

ಆ ಕೆಲಸ ನನಗೆ ಸಿಕ್ಕಿದ್ದು ಆಪಾಳಿಂದ. ಅರವತ್ತರ ದಶಕದ ಕೊನೆಗೆ ವಿಜಾಪುರದ ಕಡೆಯಿಂದ ನಾನು ಮುಂಬಯಿಗೆ ಬಂದಾಗ, ಕೈಯಲ್ಲಿದ್ದ ಒಂದೇ ವಿಳಾಸ ಚೆಂಬೂರಿನದು. ರಿಫೈನರಿಯ ಕಡೆಗೆ, ಗುಡ್ಡದ ಬುಡದಲ್ಲಿ, ಸರ್ಕಾರಿ ಜಾಗದ ಮೇಲೆ ನಮ್ಮ ಕಡೆಯವರ ಝೋಪಡಿಗಳ ಒಂದು ಸಾಲು ಇತ್ತು. ಅದರಲ್ಲಿ ಒಂದು ಆಪಾಳದು. ಅವಳು ನಮ್ಮ ತಾಲೂಕಿನ ಮುಸಲ್ಮಾನರ ಹೆಣ್ಣುಮಗಳು. ಮನೆಯಲ್ಲಿ ದಖ್ಖನಿ, ನನ್ನ ಜೊತೆ ಕನ್ನಡ. ಗಂಡ ಗವಂಡಿ; ಚೆಂಬೂರಿನಲ್ಲಿ ಆಗ ಏಳುತ್ತಿದ್ದ ಕಾಲೊನಿಗಳಲ್ಲಿ ಗೋಡೆ ಕಟ್ಟುತ್ತಿದ್ದ. ಅವನನ್ನು ನಾನು ಭಾಯಿ, ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅವನು ಕಟ್ಟುವ ಗೋಡೆಗೆ ಆಪಾ ಇಟ್ಟಿಗೆ, ಗಾರೆ ಹೊರುತ್ತಿದ್ದಳು. ಅವರ ಬಾಗಿಲ ಹೊರಗೆ ತಗಡಿನ ಚಾಚಿನ ಕೆಳಗೆ ನಾನು ಎರಡು ಮಳೆಗಾಲ ಮಲಗಿದ್ದೇನೆ.

"ಇಟ್ಟಂಗಿ ಹೊರಾಕ ನಾವು ಅದೀವಿ. ನೀ ಓದು" ಎಂದು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ನನ್ನನ್ನು ಸೇರಿಸಿದವಳು ಅವಳು. ಹಗಲು ಉಡುಪಿ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ಶಾಲೆಯಲ್ಲಿ ತೂಕಡಿಸಿ, ಹಾರ್ಬರ್ ಲೈನಿನ ಲೋಕಲ್ ಹಿಡಿದು ನಾನು ಬಂದರೆ ರೊಟ್ಟಿಯ ಮೇಲೆ ತಾಟು ಮುಚ್ಚಿಟ್ಟಿರುತ್ತಿದ್ದಳು. ಮೆಟ್ರಿಕ್ ಪಾಸಾದೆ. ಕೆಲಸ ಸಿಕ್ಕಿತು. ಚಾಳಿನಲ್ಲಿ ಬೇರೆ ಮೂವರ ಜೊತೆ ಖೋಲಿ ಹಿಡಿದೆ. ಆದರೆ ಭಾನುವಾರದ ಊಟ ಆಪಾಳ ಮನೆಯಲ್ಲೇ.

ಆ ಸಾಲಿನಲ್ಲಿ ನನ್ನ ಹೆಸರು 'ಹೌಸ್‌ವಾಲಾ' ಎಂದಾಗಿತ್ತು. ನಾನು ಹೋದರೆ ಯಾರಾದರೂ ಹೊರಸು ತಂದು ಹಾಕುತ್ತಿದ್ದರು. ನಳದಲ್ಲಿ ನೀರು ಬರುವುದಿಲ್ಲ, ನಿಮ್ಮ ಸಾಹೇಬರಿಗೆ ಹೇಳು ಎನ್ನುತ್ತಿದ್ದರು. ನಾನು ಹೇಳಿ ನಳ ಬಂದದ್ದಿಲ್ಲ. ತಾನಾಗಿ ಬಂದಾಗ ನಾನೇ ತರಿಸಿದೆ ಎಂದು ಅವರು ನಂಬಿದರು. ನಾನು ಅಲ್ಲ ಎನ್ನಲಿಲ್ಲ. ಮುಂದಿನದಕ್ಕೆಲ್ಲ ಬೀಜ ಅಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಹೊಸ ಕಾಯ್ದೆಯ ಮಾತು ಹಬ್ಬಿತು. ಅದುವರೆಗೆ ಝೋಪಡಿ ಒಡೆಯುವ ಗಾಡಿ ಕಾರ್ಪೊರೇಷನ್ನಿನ ವಾರ್ಡ್ ಆಫೀಸಿನಿಂದ ಬರುತ್ತಿತ್ತು. ಗಾಡಿ ಬಂದರೆ ಜನ ಓಡಿ ಹೋಗಿ ಆ ಭಾಗದ ಸದಸ್ಯರನ್ನು ಕರೆತರುತ್ತಿದ್ದರು. ಅವರು ಬಂದು ನಾಲ್ಕು ಮಾತು ಜೋರಾಗಿ ಆಡಿದರೆ ಗಾಡಿ ತಿರುಗಿ ಹೋಗುತ್ತಿತ್ತು. ಹೊಸ ಕಾಯ್ದೆ ಬಂದರೆ ರಾಜ್ಯ ಸರ್ಕಾರ ನೇಮಿಸಿದ ಒಬ್ಬ ಅಧಿಕಾರಿಯ ಮಾತೇ ಕಡೆಯದು. ಅವನು ತೆರವು ಎಂದರೆ ತೆರವು. ಊರಿನ ಸದಸ್ಯರನ್ನು ಕೇಳಬೇಕಾಗಿಲ್ಲ.

ಗುಡ್ಡದ ಬುಡಕ್ಕೆ ಸರ್ಕಾರದ ಜೀಪು ಬಂದು ಧ್ವನಿವರ್ಧಕದ ಭೋಂಗಾದಲ್ಲಿ ಕೂಗಿ ಹೋಯಿತು. ಮಳೆಗಾಲಕ್ಕೆ ಮುಂಚೆ ಯಾರು ತಾವಾಗಿ ಝೋಪಡಿ ಬಿಚ್ಚಿಕೊಳ್ಳುತ್ತಾರೋ ಅವರಿಗೆ ಸಮುದ್ರದ ಹಿನ್ನೀರಿನ ಖಾಡಿಯ ಆಚೆ, ಉಪ್ಪಿನ ಗದ್ದೆಗಳ ಪಕ್ಕದಲ್ಲಿ, ಸುಣ್ಣದ ಗೆರೆ ಹಾಕಿದ ಒಂದು ಜಾಗ. ಸಾಮಾನು ಸಾಗಿಸಲು ಸರ್ಕಾರದ್ದೇ ಟ್ರಕ್ಕು. ಬಿಚ್ಚದೆ ಉಳಿದವರಿಗೆ ಏನೂ ಇಲ್ಲ.

ಆಪಾ ಹೋಗಲು ತಯಾರಾಗಿದ್ದಳು. "ಉಪ್ಪುನೀರಿಂದಾರ ಆಗಲಿ, ಜಾಗಾ ಜಾಗಾನ. ನಂದು ಅಂತ ಗೆರಿ ಹಾಕಿ ಕೊಡ್ತಾರ" ಎಂದಳು. ಭಾಯಿಗೆ ಮನಸ್ಸಿರಲಿಲ್ಲ. ಕೆಲಸ ಇಲ್ಲೇ ಇತ್ತು. ಮಗಳು ಹತ್ತಿರದ ಮುನಿಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯಲ್ಲಿದ್ದಳು. ಖಾಡಿಯ ಆಚೆ ಯಾವ ಭಾಷೆಯ ಶಾಲೆಯೂ ಇರಲಿಲ್ಲ. ಕಡೆಗೆ ಇಬ್ಬರೂ ಸೇರಿ ನನ್ನನ್ನು ಕೇಳಿದರು. ನೀನು ದಿನಾ ಅಲ್ಲೇ ಇರುವವನು, ಏನಾಗುತ್ತದೆ ಹೇಳು ಎಂದರು. ನಾನು ಕೇಳಿಕೊಂಡು ಬರುತ್ತೇನೆ ಎಂದೆ.

ಆ ವಿಷಯ ಹೌಸಿಗೆ ಬಂದ ದಿನ ನಾನು ಡ್ಯೂಟಿಯಲ್ಲಿದ್ದೆ. ನಮ್ಮ ಸದಸ್ಯರು ಒಪ್ಪಿಗೆಗೆ ಕೈ ಎತ್ತುವುದಕ್ಕಿಂತ ಹೆಚ್ಚಾಗಿ ಮೇಜು ಬಡಿಯುತ್ತಿದ್ದರು. ಒಂದು ಪಕ್ಕದವರು ಮಾತ್ರ ಬಡಿದರೆ ಜಗಳ ಇನ್ನೂ ಇದೆ ಎಂದು ಅರ್ಥ. ಎರಡೂ ಪಕ್ಕದವರು ಒಟ್ಟಿಗೆ ಬಡಿದರೆ ಮುಗಿಯಿತು. ಆ ರಸ್ತೆ ಆಗುತ್ತದೆ, ಆ ದವಾಖಾನೆ ಬರುತ್ತದೆ. ನಾವು ಪಟ್ಟೇವಾಲಾಗಳು ಹೊರಗಿನ ಪಡಸಾಲೆಯಲ್ಲಿ ಕೂತೇ, ಮಾತು ಕೇಳದಿದ್ದರೂ, ಸದ್ದಿನಿಂದ ಫಲಿತಾಂಶ ಹೇಳುತ್ತಿದ್ದೆವು. ನಾನು ಅದರಲ್ಲಿ ತಪ್ಪಿದವನೇ ಅಲ್ಲ.

ಆ ದಿನ ಒಬ್ಬರಾದ ಮೇಲೊಬ್ಬರು ಎದ್ದು ನಿಂತರು. ಕೆಲವರು ಮರಾಠಿಯಲ್ಲಿ, ಕೆಲವರು ಇಂಗ್ಲಿಷಿನಲ್ಲಿ. ಈ ಊರನ್ನು ನಡೆಸುವವರು ನಾವು, ಜನ ಆರಿಸಿ ಕಳಿಸಿದ್ದು ನಮ್ಮನ್ನು, ಸಚಿವಾಲಯದಿಂದ ಬಂದ ಒಬ್ಬ ಅಧಿಕಾರಿ ನಮ್ಮ ಊರಿನಲ್ಲಿ ನಮ್ಮನ್ನು ಕೇಳದೆ ಕೈ ಹಾಕಲು ಬಿಡುವುದಿಲ್ಲ ಎಂದರು. ಒಬ್ಬ ಹಿರಿಯ ಸದಸ್ಯರು ಬಡವರ ಚೂರು ತಗಡಿನ ಬಗ್ಗೆ ಮಾತಾಡುತ್ತ ಗಂಟಲು ಕಟ್ಟಿ ನೀರು ಕೇಳಿದರು. ಲೋಟ ಕೊಟ್ಟವನು ನಾನೇ. ಆಮೇಲೆ ಕಾಯ್ದೆಯನ್ನು ವಿರೋಧಿಸುವ ಠರಾವನ್ನು ಇಂಗ್ಲಿಷಿನಲ್ಲಿ ಓದಿದರು. ಉದ್ದ ವಾಕ್ಯಗಳು. ನನ್ನ ರಾತ್ರಿ ಶಾಲೆಯ ಇಂಗ್ಲಿಷು ಅರ್ಧ ದಾರಿಯಲ್ಲೇ ನಿಂತಿತು. ಆದರೆ ಅಷ್ಟರಲ್ಲಿ ಇಡೀ ಹೌಸ್ ಮೇಜು ಬಡಿಯಿತು. ಎರಡೂ ಪಕ್ಕ. ನನ್ನ ತಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ನನಗೆ ಕಣ್ಣು ತುಂಬಿ ಬಂತು.

ಕೆಲಸ ಮುಗಿದ ಕೂಡಲೇ ಪಟ್ಟಿ ಬಿಚ್ಚದೆ ಚೆಂಬೂರಿಗೆ ಹೋದೆ. ಬೇಕೆಂದೇ ಬಿಚ್ಚಲಿಲ್ಲ.

"ಆಪಾ, ಎಲ್ಲೂ ಹೋಗೂದು ಬ್ಯಾಡ. ಹೌಸ್‌ನ್ಯಾಗ ಪಾಸ್ ಆತು. ಎಲ್ಲಾ ಪಾರ್ಟಿಯವ್ರೂ ಒಂದಾಗಿ ಟೇಬಲ್ ಬಡದ್ರು."

"ಟೇಬಲ್ ಬಡದ್ರ ಏನಾಕ್ಕೇತಿ?" ಎಂದಳು ಆಪಾ.

"ಬಡದ್ರಂದ್ರ ಅದು ಆದಂಗ. ನಮ್ಮನ್ನ ಕೇಳಲಾರದ ಯಾರೂ ಇಲ್ಲಿ ಕೈ ಹಚ್ಚಂಗಿಲ್ಲ."

ಭಾಯಿ ಬೀಡಿ ಹಚ್ಚಿಕೊಂಡು ನಕ್ಕ. "ಹೌ, ಹೌ. ನಮ್ಮ ತಗಡು ಬಡಿಯೂಕಿಂತ ತಮ್ಮ ಟೇಬಲ್ ಬಡಕೊಳ್ಳೂದು ಚಲೋ. ಬಡಕೊಳ್ಳಿ ಬಿಡು."

"ನೀ ಖರೇ ಹೇಳಾಕತ್ತೀಯೇನೋ?" ಆಪಾ ನನ್ನ ಬಿಲ್ಲೆಯ ಕಡೆ ನೋಡಿ ಕೇಳಿದಳು. "ಟ್ರಕ್ಕು ಇನ್ನೊಂದು ವಾರ ಬರ್ತೈತಂತ. ಆಮ್ಯಾಲ ಬರಂಗಿಲ್ಲ."

"ನನ್ನ ಕಣ್ಣಾರೆ ನೋಡೇನಿ" ಎಂದೆ.

ಅಲ್ಲಿಯವರೆಗೆ ನನ್ನದು ತಪ್ಪು ತಿಳಿವಳಿಕೆ. ಇಷ್ಟೇ ಆಗಿದ್ದರೆ ನಾನು ಇದನ್ನು ಎಂದೋ ಯಾರ ಮುಂದಾದರೂ ಹೇಳಿ ಹಗುರಾಗುತ್ತಿದ್ದೆ.

ಎರಡು ಮೂರು ದಿನದ ಮೇಲೆ ಕ್ಯಾಂಟೀನಿನಲ್ಲಿ ನಮ್ಮ ಸೆಕ್ರೆಟರಿ ಕಚೇರಿಯ ಹಿರಿಯ ಗುಮಾಸ್ತರು ಸಿಕ್ಕರು. ಮರಾಠಿಯವರು, ನನ್ನನ್ನು ಕಂಡರೆ ಪ್ರೀತಿ. ಚಹಾ ಕುಡಿಯುತ್ತ ನಾನು ಹೆಮ್ಮೆಯಿಂದ, ನಮ್ಮ ಹೌಸ್ ಬಡವರ ಝೋಪಡಿ ಉಳಿಸಿತಲ್ಲ ಸಾಹೇಬ್, ಎಂದೆ. ಅವರು ಬಸಿಯನ್ನು ಕೆಳಗಿಟ್ಟರು.

"ಹುಚ್ಚಾ, ಅದು ಝೋಪಡಿ ಉಳಿಸುವ ಠರಾವು ಎಂದು ನಿನಗೆ ಯಾರು ಹೇಳಿದರು? ಒಡೆಯುವ ಅಧಿಕಾರ ನಮ್ಮದು, ಅದನ್ನು ನಮ್ಮ ಕೈಯಿಂದ ಕಿತ್ತುಕೊಳ್ಳಬೇಡಿ ಎಂದು ಬರೆದಿದೆ ಅದರಲ್ಲಿ. ಒಡೆಯಬೇಡಿ ಎಂದು ಎಲ್ಲೂ ಇಲ್ಲ."

ನಾನೂ ಬಸಿ ಕೆಳಗಿಟ್ಟೆ.

"ಅದೂ ಒಂದು ವಿನಂತಿ ಅಷ್ಟೇ" ಎಂದರು. "ಸರ್ಕಾರ ಕಾಯ್ದೆ ಮಾಡಿದ ಮೇಲೆ ನಾವು ಬಡಿದುಕೊಂಡರೆ ಯಾರು ಕೇಳುತ್ತಾರೆ? ನಮ್ಮ ಕಮಿಷನರ್ ಸಾಹೇಬರನ್ನು ಕಳಿಸುವುದೇ ಸರ್ಕಾರ. ಗಾಡಿ, ಆಳು ಕೊಡಿ ಎಂದರೆ ಅವರು ಕೊಡುತ್ತಾರೆ. ಯಾಕೆ, ಅಲ್ಲಿ ನಿನ್ನವರು ಯಾರಾದರೂ ಇದ್ದಾರಾ?"

"ಇಲ್ಲ" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಆ ಒಂದು ಶಬ್ದ ಬಾಯಿಂದ ಬಿದ್ದಾಗಲೇ ನಾನು ಏನು ಮಾಡಲಿದ್ದೇನೆ ಎಂದು ನನ್ನೊಳಗೆ ಗೊತ್ತಾಗಿತ್ತೋ ಏನೋ.

ಸದಸ್ಯರು ಸುಳ್ಳು ಹೇಳಿರಲಿಲ್ಲ. ಅವರು ತಮ್ಮ ಅಧಿಕಾರದ ಮಾತಾಡಿದ್ದರು. ನಾನು ಅದರಲ್ಲಿ ಆಪಾಳ ಮನೆ ಕೇಳಿಸಿಕೊಂಡೆ.

ಮರುದಿನವೇ ಹೋಗಿ ಹೇಳಬಹುದಿತ್ತು. ಭಾನುವಾರ ಹೇಳಿದರಾಯಿತು ಎಂದುಕೊಂಡೆ. ಟ್ರಕ್ಕಿನ ಕಡೆಯ ದಿನ ಅದೇ ಭಾನುವಾರ. ಹೋದಾಗ ರಸ್ತೆಯಂಚಿನಲ್ಲಿ ಟ್ರಕ್ಕು ನಿಂತಿತ್ತು. ಬೇರೆ ಸಾಲಿನವರು ಬಿದಿರು, ತಗಡು, ಪೆಟ್ಟಿಗೆ ಏರಿಸುತ್ತಿದ್ದರು. ನಮ್ಮ ಸಾಲಿನವರು ಅವರನ್ನು ನೋಡಿ ನಗುತ್ತ ನಿಂತಿದ್ದರು. ನನ್ನ ಮಾತು ಮನೆಯಿಂದ ಮನೆಗೆ ಹೋಗಿತ್ತು. ನನ್ನನ್ನು ಕಂಡ ಕೂಡಲೇ ಹೊರಸು ಬಂತು, ಚಹಾ ಬಂತು.

"ಅಗಾ, ಹೌಸ್‌ವಾಲಾ ಬಂದ. ಇವರಿಗೂ ಹೇಳಪಾ, ಉಪ್ಪು ತಿನ್ನಾಕ ಹೊಂಟಾರ" ಎಂದು ಪಕ್ಕದ ಮನೆಯವನು ಟ್ರಕ್ಕಿನತ್ತ ಕೈ ಮಾಡಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಪಾ ಮಾತ್ರ ನಗಲಿಲ್ಲ. ಒಳಗೆ ಕರೆದಳು. ಗೋಡೆಯ ಹಲಗೆ ಖಾಲಿಯಾಗಿತ್ತು. ಪಾತ್ರೆಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಗಂಡ ಬೈದರೂ, ಊರೆಲ್ಲ ನಕ್ಕರೂ, ಅವಳು ಕಟ್ಟಿಟ್ಟಿದ್ದಳು.

"ನನ್ನ ಮನಸ್ಸು ಒಪ್ಪವಲ್ದು" ಎಂದಳು. "ಇನ್ನೊಮ್ಮೆ ಹೇಳು. ನೀ ಹೂಂ ಅಂದ್ರ ಇರ್ತೀನಿ. ಊಹೂಂ ಅಂದ್ರ ಈಗ ಗಂಟು ತಗೊಂಡು ಟ್ರಕ್ಕು ಹತ್ತತೀನಿ. ಇವನು ಹಿಂದಿಂದ ಬರ್ತಾನ, ಎಲ್ಲಿ ಹೋಗ್ತಾನ."

ಹೊರಗೆ ಜನ ನನ್ನ ಹೊರಸಿನ ಸುತ್ತ ಕಾಯುತ್ತಿದ್ದರು. ಒಂದು ಮಾತು ಸಾಕಿತ್ತು. ನನಗೆ ತಪ್ಪಾಗಿದೆ ಆಪಾ, ಹೋಗು. ಆ ಮಾತು ಗಂಟಲವರೆಗೆ ಬಂತು. ಅದರ ಹಿಂದೆಯೇ ಆ ಜನರ ಮುಖ ಬಂತು. ಇಷ್ಟು ದಿನ ಹಾಕಿಸಿಕೊಂಡ ಹೊರಸು, ತರಿಸದೆ ತರಿಸಿದ ನಳ, ಎಲ್ಲ ಒಂದೇ ಕ್ಷಣದಲ್ಲಿ ನಗೆಪಾಟಲಾಗುವುದು ಕಣ್ಣಿಗೆ ಕಟ್ಟಿತು.

"ಏನೂ ಆಗಂಗಿಲ್ಲ ಆಪಾ" ಎಂದೆ.

ಅವಳು ಕೂತು ಗಂಟು ಬಿಚ್ಚಿದಳು. ನನಗೆ ಊಟಕ್ಕೆ ಬಡಿಸಲು ಅದರೊಳಗಿನಿಂದ ಅಲ್ಯೂಮಿನಿಯಂನ ಜರ್ಮನ್ ತಾಟು ತೆಗೆದಳು. ನಾನು ಉಣ್ಣುತ್ತಿದ್ದಾಗ ಒಂದೊಂದೇ ಪಾತ್ರೆಯನ್ನು ಸೆರಗಿನಲ್ಲಿ ಒರೆಸಿ ಹಲಗೆಯ ಮೇಲೆ ಮತ್ತೆ ಜೋಡಿಸಿದಳು. ಟ್ರಕ್ಕು ಹೊರಟ ಸದ್ದು ಕೇಳಿಸಿತು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಒಡೆಯಲು ಬಂದದ್ದು ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ. ಹಿಂದಿನ ದಿನವೇ ಕಚೇರಿಯಲ್ಲಿ ಗಾಡಿ ಕೊಡುವ ಮಾತು ಕಿವಿಗೆ ಬಿದ್ದಿತ್ತು. ಬೆಳಿಗ್ಗೆ ರಜೆ ಹೇಳಿ, ಹಾಕಿಕೊಂಡ ಪಟ್ಟಿಯಲ್ಲೇ ಚೆಂಬೂರಿಗೆ ಹೋದೆ. ಬಸ್ ಸ್ಟಾಪಿನವರೆಗೆ ಹೋದೆ. ಅದರಿಂದ ಮುಂದೆ ಹೋಗಲಿಲ್ಲ.

ಸರ್ಕಾರದ ಅಧಿಕಾರಿ ಜೀಪಿನಲ್ಲಿದ್ದ. ಅವನ ಹಿಂದೆ ನಿಂತ ಗಾಡಿಗಳು ನಮ್ಮವು, ಕಾರ್ಪೊರೇಷನ್ನಿನವು. ನನ್ನ ಎದೆಯ ಮೇಲಿನ ಬಿಲ್ಲೆಯಲ್ಲಿದ್ದ ಮುದ್ರೆಯೇ ಅವುಗಳ ಬಾಗಿಲ ಮೇಲೂ ಇತ್ತು. ನಾನು ಪಟ್ಟಿ ಬಿಚ್ಚಿ ಮಡಚಿ ಚೀಲದೊಳಗೆ ತುರುಕಿದೆ. ಸ್ಟಾಪಿನ ಹಲಗೆಯ ಹಿಂದೆ ನಿಂತೆ.

ಹಾರೆ ಹಾಕಿ ಮೊದಲ ತಗಡು ಎಬ್ಬಿಸಿದರು. ಭಾಯಿ ಕೆಲಸಕ್ಕೆ ಹೋಗಿದ್ದ. ಆಪಾ ಶಾಲೆಗೆ ಹೊರಟಿದ್ದ ಮಗಳ ಕೈ ಹಿಡಿದುಕೊಂಡೇ ಜೀಪಿನ ಮುಂದೆ ಬಂದು ನಿಂತಳು. ಅವಳ ದನಿ ರಸ್ತೆ ದಾಟಿ ಬಂತು. "ಸಾಹೇಬ್, ಹೌಸ್ ಮೇ ಪಾಸ್ ಹುಯಾ! ಹಮಾರಾ ಛೋರಾ ವಹೀಂಚ್ ಹೈ, ಉಸಕು ಪೂಛೋ!" ನಮ್ಮ ಹುಡುಗ ಅಲ್ಲೇ ಇದ್ದಾನೆ, ಅವನನ್ನು ಕೇಳಿ ಎಂದು. ಗಾಡಿಯ ಆಳೊಬ್ಬ "ಯಾವ ಹೌಸ್, ಮಾಯಿ? ಇಲ್ಲಿ ನಿಂದೇ ಹೌಸ್ ಉಳಿದಿಲ್ಲ" ಎಂದು ಹಿಂದಿಯಲ್ಲಿ ಅಂದು ನಕ್ಕ. ಆಪಾ ಕೈಯನ್ನು ಹಣೆಗೆ ಅಡ್ಡ ಇಟ್ಟುಕೊಂಡು ರಸ್ತೆಯುದ್ದಕ್ಕೂ ನೋಡಿದಳು. ನಾನು ಬರುತ್ತಿರಬಹುದು ಎಂದು ನೋಡಿದಳು. ಅದು ನನಗೆ ಗೊತ್ತು, ಯಾಕೆಂದರೆ ಅವಳ ನೋಟ ಸ್ಟೇಷನ್ನಿನ ಕಡೆಯಿಂದ ಶುರುವಾಗಿ ಬಸ್ ಸ್ಟಾಪಿನವರೆಗೆ ಬಂತು.

ಬಸ್ಸು ಬಂತು. ಹತ್ತಿದೆ.

ಆ ಮಳೆಗಾಲ ಅವರು ನೀರಿನ ದೊಡ್ಡ ಪೈಪಿನ ಪಕ್ಕ ಪ್ಲಾಸ್ಟಿಕ್ ಕಟ್ಟಿಕೊಂಡು ಇದ್ದರೆಂದು ಕೇಳಿದೆ. ಖಾಡಿಯ ಆಚೆ ಜಾಗ ಕೇಳಲು ಹೋದರೆ ಮುದ್ದತ್ತು ಮುಗಿಯಿತು ಎಂದು ತಿರುಗಿಸಿ ಕಳಿಸಿದರಂತೆ. ಮಗಳ ಶಾಲೆ ತಪ್ಪಿತು. ಯಾವ ಶಾಲೆ ತಪ್ಪಬಾರದೆಂದು ಭಾಯಿ ಹೋಗಲು ಹಿಂಜರಿದಿದ್ದನೋ ಆ ಶಾಲೆ ಅಲ್ಲೇ ಇತ್ತು, ಹುಡುಗಿ ಮಾತ್ರ ಇಟ್ಟಿಗೆ ಹೊರಲು ಹೋದಳು. ಅಷ್ಟು ಹತ್ತಿರವಿದ್ದರೂ ನಾನು ಹೋಗಲಿಲ್ಲ. ಭಾನುವಾರಗಳಲ್ಲಿ ಉಡುಪಿ ಹೋಟೆಲಿನಲ್ಲಿ ಉಂಡೆ. ಹೌಸಿನಲ್ಲಿ ಆ ಠರಾವಿಗೆ ಸರ್ಕಾರದ ಉತ್ತರ ಬಂದಾಗಲೂ ನಾನು ಡ್ಯೂಟಿಯಲ್ಲಿದ್ದೆ. ನಿಮ್ಮ ಅಭಿಪ್ರಾಯ ಗಮನಿಸಲಾಗಿದೆ ಎಂದು ಓದಿದರು. ಯಾರೋ ಒಬ್ಬರು ನಿಟ್ಟುಸಿರು ಬಿಟ್ಟರು. ಮುಂದಿನ ವಿಷಯ ಒಂದು ರಸ್ತೆಯ ದೀಪಗಳದು. ನಾನು ನೀರು ಇಟ್ಟೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಅಂಧೇರಿಗೆ ಹೋಗಿದ್ದೆ. ಬೆಳಗಿನ ಹೊತ್ತು ಸ್ಟೇಷನ್ನಿನ ಹೊರಗೆ ಕೂಲಿ ಕೆಲಸಕ್ಕೆ ಜನ ನಿಲ್ಲುವ ನಾಕಾದಲ್ಲಿ ಯಾರೋ "ಏ ಹೌಸ್‌ವಾಲಾ" ಎಂದರು. ತಲೆ ತಗ್ಗಿಸಿ ನಡೆದೆ. ಆಪಾ ಬೆನ್ನ ಹಿಂದೆ ಬಂದು ತೋಳು ಹಿಡಿದಳು. ಕೂದಲು ಬೆಳ್ಳಗಾಗಿತ್ತು. ಕಂಕುಳಲ್ಲಿ ಕಬ್ಬಿಣದ ಬುಟ್ಟಿ ಇತ್ತು.

"ಎಷ್ಟು ಸೊರಗೀಯೋ. ನಾಷ್ಟಾ ಮಾಡೀಯೇನು?" ಮೊದಲು ಕೇಳಿದ್ದು ಅದು.

ಭಾಯಿ ಹೋದ ಎಂದಳು. ಪೈಪಿನ ಪಕ್ಕದಲ್ಲಿದ್ದಾಗ ಹಿಡಿದ ಕೆಮ್ಮು ಬಿಡಲೇ ಇಲ್ಲವಂತೆ. ಮಗಳನ್ನು ಒಬ್ಬ ಬಣ್ಣ ಹಚ್ಚುವವನಿಗೆ ಕೊಟ್ಟಳಂತೆ.

"ಆಮ್ಯಾಲ ನಿಮ್ಮ ಹೌಸ್‌ನ್ಯಾಗ ಏನಾತೋ?" ಎಂದಳು. ಚುಚ್ಚಿ ಕೇಳಿದಳೆಂದು ಮುಖ ನೋಡಿದೆ. ಅಲ್ಲ, ನಿಜವಾಗಿಯೇ ಕೇಳುತ್ತಿದ್ದಳು. "ಟೇಬಲ್ ಬಡದಿದ್ರಲ್ಲ, ಅಷ್ಟ ಮಂದಿ."

"ಸರ್ಕಾರ ಕೇಳಲಿಲ್ಲ ಆಪಾ."

"ಹಂಗಂದ್ರ ನಿನಗೂ ಮೋಸ ಮಾಡಿದ್ರು" ಎಂದಳು. ನನ್ನ ತೋಳನ್ನು ಒಮ್ಮೆ ಸವರಿದಳು. ಅಂಗೈ ಸಿಮೆಂಟಿಗೆ ಬಿರಿದು ಮರಳು ಕಾಗದದ ಹಾಗಿತ್ತು. "ಆವತ್ತು ನೀ ಬರಲಿಲ್ಲ ಅಂತ ಮಂದಿ ಬೈದ್ರು. ಪಾಪ, ಅವಂಗ ಗೊತ್ತಿದ್ರ ಬರ್ತಿದ್ದ, ಅವನ ಬಾಯಾಗ ಸುಳ್ಳ ಬರಂಗಿಲ್ಲ ಅಂತ ನಾ ಹೇಳಿದೆ."

ಆಗ ಹೇಳಬೇಕಿತ್ತು. ನನಗೆ ಗೊತ್ತಿತ್ತು ಆಪಾ, ನೀನು ಗಂಟು ಬಿಚ್ಚುವಾಗಲೇ ಗೊತ್ತಿತ್ತು, ಬಸ್ ಸ್ಟಾಪಿನ ಹಿಂದೆ ನಿಂತಿದ್ದವನು ನಾನೇ. ಅಷ್ಟರಲ್ಲಿ ಕೂಲಿಯವರನ್ನು ಆರಿಸುವ ಒಬ್ಬ ಮುಕಾದಮ ಬಂದು ಹೆಂಗಸರನ್ನು ಕರೆದ. ಆಪಾ ಬುಟ್ಟಿ ಎತ್ತಿಕೊಂಡಳು. "ಬರ್ತಾ ಇರು ರೇ" ಎಂದು ಹೇಳಿ ಅವರ ಜೊತೆ ಓಡಿದಳು. ಎಲ್ಲಿಗೆ ಬರಲಿ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೋಗಬೇಕಾಗುತ್ತಿತ್ತು.

ಆಮೇಲೆ ಆ ನಾಕಾಗೆ ಎಷ್ಟೋ ಸಲ ಹೋಗಿ ನಿಂತೆ. ಅವಳು ಮತ್ತೆ ಸಿಗಲಿಲ್ಲ. ಚೆಂಬೂರಿನ ಆ ಗುಡ್ಡದ ಬುಡದಲ್ಲಿ ಈಗ ಬಿಲ್ಡಿಂಗುಗಳಿವೆ. ಕಾಯ್ದೆಗಳು ಬಂದವು, ಹೋದವು. ಊರು ಯಾರದು ಎಂಬ ಜಗಳ ಕಾರ್ಪೊರೇಷನ್ನು, ಸಚಿವಾಲಯ ಎಂಬ ಎರಡು ಕಟ್ಟಡಗಳ ನಡುವೆ ಇಂದಿಗೂ ನಡೆದೇ ಇದೆ. ಸದಸ್ಯರ ಮೇಲಾಗಲಿ ಸರ್ಕಾರದ ಮೇಲಾಗಲಿ ಇದನ್ನು ಹೊರಿಸಿ ನಾನು ಪಾರಾಗಲಾರೆ. ಅವರಾರೂ ಅವಳನ್ನು ಆ ಟ್ರಕ್ಕಿನಿಂದ ತಡೆಯಲಿಲ್ಲ. ಅವಳು ಹೂಂ, ಊಹೂಂ ಕೇಳಿದ್ದು ನನ್ನೊಬ್ಬನನ್ನು.

ಬದುಕಿನಲ್ಲಿ ಬಹಳ ಜನರ ಕ್ಷಮೆ ಕೇಳಿದ್ದೇನೆ. ನಾನು ಯಾರ ಕಾಲು ತುಳಿದೆನೋ ಅವರದು, ಯಾರಿಗೆ ತಡವಾಗಿ ನೀರು ಕೊಟ್ಟೆನೋ ಅವರದು, ಹೆಂಡತಿಯದು, ಮಕ್ಕಳದು. ಕೇಳದೆ ಉಳಿದದ್ದು ಒಬ್ಬಳದು. ಕಟ್ಟಿದ ಗಂಟಿನಿಂದ ತಾಟು ತೆಗೆದು ನನಗೆ ಆ ಮನೆಯ ಕಡೆಯ ಊಟ ಬಡಿಸಿದವಳದು. ಆಪಾಳದು.